ಅದು ಅಂಟಂಗಿಲ್ಲ, ದೋಸ್ತ (ಭಾಗ 4)

ಕಳ್ಳಕವಟಗಿಯ ಮಾರ್ಚ್ ಬಿಸಿಲಾಗೂ ಒಬ್ಬ ತುಂಬುತೋಳಿನ ಅಂಗಿ ಹಾಕ್ಕೊಂಡು ಕ್ಲಾಸಿಗೆ ಬರ್ತಾನಂದ್ರ ಅದು ಸ್ಟೈಲ್ ಅಲ್ಲ. ಸೋರಿಯಾಸಿಸ್ ಮುಚ್ಚಾಕ.

1962ರಾಗ ಇಟಲಿಯ ರಿಟೋಸಾ, ಹಣ್ಣುನೊಣದ ಜೀವಕೋಶಕ್ಕ ಬಿಸಿ ತಾಗಿದಾಗ ಕೆಲವು ಜೀನ್‌ಗಳು ಎಚ್ಚರಾಗೋದನ್ನ ಕಂಡ. ಅವು ತಯಾರಿಸೋದು ಹೀಟ್ ಶಾಕ್ ಪ್ರೋಟೀನ್ ಅಂತ ಮುಂದ ಗೊತ್ತಾತು. ಆಪತ್ತಿನಾಗ ಸೊಟ್ಟಾದ ಬ್ಯಾರೆ ಪ್ರೋಟೀನುಗಳನ್ನ ನೆಟ್ಟಗ ಮಾಡೋದು ಇವುಗಳ ಕೆಲಸ. ಬಿಸಿಲೇ ಬೇಕಂತಿಲ್ಲ, ಉರಿಯೂತನೂ ಆಪತ್ತೇ. ಸೋರಿಯಾಸಿಸ್ ಚರ್ಮದಾಗೂ ಇವು ಹೆಚ್ಚು ಕಂಡಾವ.

ಅಂದ್ರ ಆ ಚರ್ಮ ಹೊಲಸಲ್ಲ, ಹೋರಾಡಾಕತ್ತೈತಿ. ಅಲ್ಲಿ ಇಮ್ಯುನಿಟಿ ಕಡಿಮಿ ಆಗಿಲ್ಲ, ದಾರಿ ತಪ್ಪಿ ಜೋರಾಗೇತಿ. ಅದಕ್ಕ "ಇಮ್ಯುನಿಟಿ ಪೌಡರ್ ತಗೋ" ಅಂದ್ರ ನನಗ ಸಿಟ್ಟು ಬರ್ತೈತಿ. ಮೆಡಿಕಲ್ ಶಾಪಿನ ಟ್ಯೂಬ್ ಹೆಸರೂ ಹೇಳಬ್ಯಾಡ್ರಿ, ಚರ್ಮದ ಡಾಕ್ಟರ್ ಅದಾರ.

ನಾಳೆ ಅವನ ಬಾಜೂಕ ಕೂಡ್ರಿ, ರೊಟ್ಟಿ ಹಂಚ್ಕೊಂಡು ತಿನ್ರಿ.