ಮನೆ ಅಲ್ಲಿ, ಕಂದಾಯವೂ ಅಲ್ಲೇ

ಹೊರದೇಶದಲ್ಲಿ ಮನೆ ಕೊಳ್ಳುವವರು ಕ್ರಯದ ದುಡ್ಡೊಂದನ್ನೇ ನೋಡಬಾರದು, ವರ್ಷವರ್ಷದ ಮನೆ ಕಂದಾಯವನ್ನೂ ಲೆಕ್ಕಕ್ಕೆ ಹಿಡಿಯಬೇಕು, ಕೊನೆಗೆ ಅದು ಬಂದು ಬೀಳುವುದು ಕೊಂಡವರ ತಲೆಯ ಮೇಲೇ ಎಂದು ಹಿಂದೆ ಬರೆದಿದ್ದೆ. ಅದಕ್ಕೆ ಬಂದ ಆಕ್ಷೇಪಗಳಲ್ಲಿ ಕೆಲವು ಸಿಟ್ಟಿನವು, ಕೆಲವು ನನಗೆ ಪಾಠ ಹೇಳುವಂಥವು, ಒಂದೆರಡು ಫ್ಲ್ಯಾಟು ಮಾರುವವರವು. ಯಾರ ಮಾತು ಎನ್ನುವುದು ಬೇಡ, ಮಾತಿಗೆ ಮಾತ್ರ ಉತ್ತರ ಹೇಳುತ್ತೇನೆ.

“ನಾವು ಅಲ್ಲಿ ವಾಸವೇ ಇಲ್ಲ. ಅಲ್ಲಿಯ ರಸ್ತೆ, ಶಾಲೆ, ಕಸದ ಗಾಡಿ ಯಾವುದೂ ನಮಗೆ ಬೇಕಿಲ್ಲ. ಮತ್ತೆ ಕಂದಾಯ ಯಾಕೆ?” ಹೆಚ್ಚು ಜನ ಕೇಳಿದ್ದು ಇದನ್ನೇ. ಕೇಳಿದವರಲ್ಲಿ ಮೈಸೂರಿನಲ್ಲಿ ಖಾಲಿ ಸೈಟು ಇಟ್ಟುಕೊಂಡು ಅದಕ್ಕೆ ತಪ್ಪದೆ ಕಂದಾಯ ಕಟ್ಟುವವರೂ ಇದ್ದಾರು! ಈ ತೆರಿಗೆ ಆಸ್ತಿಯ ಮೇಲಿನದು. ನೀವು ಅಲ್ಲಿ ಉಣ್ಣುತ್ತೀರೋ ಮಲಗುತ್ತೀರೋ ಅದಕ್ಕೆ ಬೇಕಿಲ್ಲ. ಟೆಕ್ಸಾಸ್‌ನಲ್ಲಿ ಜನವರಿ 1ರಂದೇ ಆ ವರ್ಷದ ತೆರಿಗೆಯ ಬಾಕಿಗೆ ಆಸ್ತಿ ಹೊಣೆಯಾಗಿಬಿಡುತ್ತದೆ. ಮಾಲೀಕ ಡಲ್ಲಾಸ್‌ನಲ್ಲಿದ್ದರೂ ಅಷ್ಟೆ, ದಾವಣಗೆರೆಯಲ್ಲಿದ್ದರೂ ಅಷ್ಟೆ.

ವಾಸವಿಲ್ಲದ ಮನೆಯ ಕಂದಾಯ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಜೆರಾಲ್ಡಿನ್ ಟೈಲರ್ ಎಂಬ ವೃದ್ಧೆಯ ಪ್ರಕರಣ ನೋಡಬೇಕು. ಮಿನಿಯಾಪೊಲಿಸ್‌ನಲ್ಲಿ ಆಕೆಗೆ ಸಣ್ಣದೊಂದು ಫ್ಲ್ಯಾಟಿತ್ತು. 2010ರಲ್ಲಿ ಅದನ್ನು ಬಿಟ್ಟು ಹಿರಿಯರ ವಸತಿಗೆ ಹೋದರು. ಹೋದ ಮೇಲೆ ಕಂದಾಯ ಕಟ್ಟುವವರು ಯಾರೂ ಇರಲಿಲ್ಲ. ಸುಮಾರು 2,300 ಡಾಲರ್ ಬಾಕಿ, ಬಡ್ಡಿ, ದಂಡ, ಖರ್ಚು ಎಲ್ಲ ಸೇರಿ 15,000 ಡಾಲರ್ ಆಯಿತು. ಹೆನ್ನಪಿನ್ ಕೌಂಟಿ ಫ್ಲ್ಯಾಟನ್ನು ವಶಕ್ಕೆ ತೆಗೆದುಕೊಂಡು 40,000 ಡಾಲರಿಗೆ ಮಾರಿತು, ಮಿಕ್ಕ 25,000ವನ್ನೂ ತಾನೇ ಇಟ್ಟುಕೊಂಡಿತು. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಮ್ಮತದಿಂದ ಟೈಲರ್ ಪರ ತೀರ್ಪು ಕೊಟ್ಟಿತು. ಬಾಕಿಗಿಂತ ಹೆಚ್ಚಿನದನ್ನು ಸರ್ಕಾರ ನುಂಗುವ ಹಾಗಿಲ್ಲ ಎಂದಿತು. ಅವರು ಗೆದ್ದರು ನಿಜ. ಆದರೆ ವಾಸವಿಲ್ಲದ ಮನೆಗೆ ಕಂದಾಯ ಕಟ್ಟಬೇಕಿರಲಿಲ್ಲ ಎಂದು ಅಲ್ಲಿ ಒಬ್ಬ ನ್ಯಾಯಮೂರ್ತಿಯೂ ಹೇಳಲಿಲ್ಲ.

“ಲಂಡನ್ನಿನಲ್ಲಿ ಕೌನ್ಸಿಲ್ ಟ್ಯಾಕ್ಸ್ ಕಟ್ಟುವುದು ಬಾಡಿಗೆದಾರ. ಮಾಲೀಕರನ್ನು ಸುಮ್ಮನೆ ಹೆದರಿಸುತ್ತಿದ್ದೀರಿ.” ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಒಪ್ಪುತ್ತೇನೆ. 1993ರಿಂದ ಜಾರಿಯಲ್ಲಿರುವ ಈ ತೆರಿಗೆಗೆ ಮೊದಲು ಹೊಣೆ ಆ ಮನೆಯಲ್ಲಿ ವಾಸವಿರುವವರೇ. ಆದರೆ ಕಾಯ್ದೆ ಅಲ್ಲಿಗೆ ನಿಲ್ಲುವುದಿಲ್ಲ. ಯಾರು ಕಟ್ಟಬೇಕು ಎನ್ನುವುದಕ್ಕೆ ಅದರಲ್ಲಿ ಒಂದು ಸರದಿಯಿದೆ. ವಾಸವಿರುವವರು ಯಾರೂ ಇಲ್ಲದಾಗ ಸರದಿ ಮಾಲೀಕರಿಗೆ ಬರುತ್ತದೆ. ಒಬ್ಬ ಬಾಡಿಗೆದಾರ ಬಿಟ್ಟು ಇನ್ನೊಬ್ಬ ಬರುವವರೆಗಿನ ತಿಂಗಳುಗಳು ಸಾಮಾನ್ಯವಾಗಿ ಮಾಲೀಕರವು. ಮನೆಯನ್ನು ಕೋಣೆಕೋಣೆಯಾಗಿ ಬೇರೆಬೇರೆಯವರಿಗೆ ಕೊಟ್ಟರೆ, ಎಲ್ಲ ಕೋಣೆ ತುಂಬಿದ್ದರೂ ಹೊಣೆ ಮಾಲೀಕರದೇ. ಇರುವವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಆ ಮನೆಗೆ ವಿನಾಯಿತಿ ಉಂಟು, ಮಗನ ಓದಿಗೆಂದು ಫ್ಲ್ಯಾಟು ಕೊಂಡವರಿಗೆ ಇದು ಸಮಾಧಾನ. ಆದರೆ ಅವನು ಓದು ಮುಗಿಸಿ ಕೆಲಸಕ್ಕೆ ಸೇರಿದ ದಿನ ಆ ವಿನಾಯಿತಿ ಹೋಯಿತು. ಇನ್ನು, ಪೀಠೋಪಕರಣ ಹಾಕಿಸಿ ಬೀಗ ಜಡಿದು ವರ್ಷಕ್ಕೊಮ್ಮೆ ಬೇಸಿಗೆಗೆ ಹೋಗಿ ಬರುವವರು ಗಮನಿಸಬೇಕು: 2025ರ ಏಪ್ರಿಲ್‌ನಿಂದ ಇಂಗ್ಲೆಂಡಿನ ಸ್ಥಳೀಯ ಆಡಳಿತಗಳು ಅಂಥ ಎರಡನೆಯ ಮನೆಗಳಿಗೆ ಎರಡರಷ್ಟು ತೆರಿಗೆ ಹಾಕಬಹುದು. ಬಾಡಿಗೆದಾರನೇ ಇಲ್ಲದ ಮನೆಗೆ ಬಾಡಿಗೆದಾರ ಕಟ್ಟುತ್ತಾನೆ ಎಂದು ಕೂತರೆ ಆಗುವುದಿಷ್ಟೆ.

“ಅಮೆರಿಕದಲ್ಲಿ ಬ್ಯಾಂಕೇ ಕಟ್ಟುತ್ತದೆ, ನಮ್ಮ ಹುಡುಗ ಒಂದು ದಿನವೂ ಕಚೇರಿ ಮೆಟ್ಟಿಲು ಹತ್ತಿಲ್ಲ.” ಹತ್ತಿಲ್ಲ, ಸರಿ. ಆದರೆ ಬ್ಯಾಂಕಿನವರು ಯಾರ ದುಡ್ಡಿನಿಂದ ಕಟ್ಟಿದರು? ತಿಂಗಳ ಕಂತಿನಲ್ಲಿ ಅಸಲು, ಬಡ್ಡಿಯ ಜೊತೆಗೆ ವರ್ಷದ ತೆರಿಗೆಯ ಹನ್ನೆರಡನೆಯ ಒಂದು ಪಾಲನ್ನೂ ಹಿಡಿದು ಎಸ್ಕ್ರೋ ಖಾತೆಯಲ್ಲಿ ಇಡುತ್ತಾರೆ. ಗಡುವು ಬಂದಾಗ ಅದರಿಂದಲೇ ಕಟ್ಟುತ್ತಾರೆ. ತೆರಿಗೆ ಏರಿದರೆ ಮರುವರ್ಷ ಕಂತೂ ಏರುತ್ತದೆ. ಸಾಲ ತೀರಿದ ಮೇಲಂತೂ ಗಡುವು ನೆನಪಿಟ್ಟುಕೊಳ್ಳುವ ಕೆಲಸ ಪೂರ್ತಿ ಹುಡುಗನದೇ.

ಹುಡುಗ ಕ್ಯಾಲಿಫೋರ್ನಿಯಾದಲ್ಲಿದ್ದರೆ ಇನ್ನೊಂದು ತೊಡಕಿದೆ, ಫ್ರೀಮಾಂಟ್, ಸನ್ನಿವೇಲ್ ಕಡೆ ಮನೆ ಕೊಂಡ ನಮ್ಮವರನ್ನು ಕೇಳಿ ನೋಡಿ. 1978ರಲ್ಲಿ ಅಲ್ಲಿಯ ಮತದಾರರು ಒಪ್ಪಿದ ಪ್ರೊಪೊಸಿಷನ್ 13 ಪ್ರಕಾರ ಮೂಲ ತೆರಿಗೆ ನಿಗದಿತ ಮೌಲ್ಯದ ಶೇ. 1ರ ಒಳಗೇ ಇರಬೇಕು. ಆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಆದರೆ ಮನೆ ಕೈ ಬದಲಾಯಿಸಿದ ಕೂಡಲೇ ಮೌಲ್ಯ ಮಾರುಕಟ್ಟೆ ದರಕ್ಕೆ ಜಿಗಿಯುತ್ತದೆ. ಮೂವತ್ತು ವರ್ಷ ಅದೇ ಮನೆಯಲ್ಲಿದ್ದ ಅಜ್ಜನ ರಸೀದಿ ನೋಡಿ “ಕಂದಾಯ ಕಡಿಮೆ” ಎಂದು ಹಿಗ್ಗುವುದು ವ್ಯರ್ಥ, ಆ ದರ ಅಜ್ಜನ ಜೊತೆಗೇ ಹೋಯಿತು. ಹಳೆಯ ಮೌಲ್ಯಕ್ಕೂ ಹೊಸ ಮೌಲ್ಯಕ್ಕೂ ಇರುವ ಅಂತರಕ್ಕೆ ಹೆಚ್ಚುವರಿ ಬಿಲ್ಲೊಂದು ಬೇರೆಯಾಗಿ ಬರುತ್ತದೆ. ಅದು ಸಾಮಾನ್ಯವಾಗಿ ಬ್ಯಾಂಕಿಗೆ ಹೋಗುವುದಿಲ್ಲ, ನೇರ ಮಾಲೀಕರ ವಿಳಾಸಕ್ಕೆ ಬರುತ್ತದೆ. “ಬ್ಯಾಂಕೇ ಕಟ್ಟುತ್ತದೆ” ಎಂದುಕೊಂಡವರು ಆ ಲಕೋಟೆಯನ್ನು ಬದಿಗಿಟ್ಟು ದಂಡ ತೆರುತ್ತಾರೆ.

ದುಬೈ ಬಗ್ಗೆ ಮಾತನಾಡಿದವರು ಹೆಚ್ಚಾಗಿ ಮಾರುವವರು: “ಅಲ್ಲಿ ವಾರ್ಷಿಕ ಆಸ್ತಿ ತೆರಿಗೆಯೇ ಇಲ್ಲ.” ಇಲ್ಲ ಎನ್ನುವುದು ನಿಜ. ಕೊಳ್ಳುವಾಗ ಒಮ್ಮೆ ಶೇ. 4 ವರ್ಗಾವಣೆ ಶುಲ್ಕವಿದೆ. ಆಮೇಲೆ ಕಟ್ಟಡದ ನಿರ್ವಹಣೆಗೆ ಚದರಡಿ ಲೆಕ್ಕದ ಸರ್ವಿಸ್ ಚಾರ್ಜು ವರ್ಷವರ್ಷ ಬರುತ್ತದೆ, ಬಾಡಿಗೆದಾರ ಇರಲಿ ಬಿಡಲಿ ಅದು ಮಾಲೀಕರದೇ. ವಾರ್ಷಿಕ ಬಾಡಿಗೆಯ ಶೇ. 5ರಷ್ಟು ವಸತಿ ಶುಲ್ಕ ನೀರು, ಕರೆಂಟಿನ ಬಿಲ್ಲಿನಲ್ಲಿ ಸೇರಿ ಬಾಡಿಗೆದಾರನಿಗೆ ಹೋಗುತ್ತದೆ. “ತೆರಿಗೆ ಇಲ್ಲ” ಎಂದವರು “ಖರ್ಚಿಲ್ಲ” ಎಂದು ಕೇಳಿಸುವ ಹಾಗೆ ಹೇಳುತ್ತಾರೆ, ಅದಕ್ಕೆ ನನ್ನ ತಕರಾರು.

ಓದಿಕೊಂಡವರ ಆಕ್ಷೇಪ ಇನ್ನೊಂದು: “ಎರಡು ದೇಶಗಳ ನಡುವೆ ಇಮ್ಮಡಿ ತೆರಿಗೆ ತಪ್ಪಿಸುವ ಒಪ್ಪಂದ ಇದೆಯಲ್ಲ?” ಇದೆ, ಆದರೆ ಅದು ಮುಖ್ಯವಾಗಿ ಆದಾಯದ ಮೇಲಿನ ತೆರಿಗೆಗೆ. ಬ್ರಿಟನ್ ಜೊತೆಗಿನ ಒಪ್ಪಂದದಲ್ಲಿ ಆ ದೇಶದ ಆದಾಯ ತೆರಿಗೆ, ಕಂಪನಿ ತೆರಿಗೆ, ಬಂಡವಾಳ ಲಾಭದ ತೆರಿಗೆಗಳ ಹೆಸರಿವೆ, ಕೌನ್ಸಿಲ್ ಟ್ಯಾಕ್ಸಿನ ಹೆಸರಿಲ್ಲ. ಒಂದು ಸಣ್ಣ ಅನುಕೂಲವನ್ನು ಹೇಳದಿದ್ದರೆ ಅನ್ಯಾಯವಾದೀತು. ಭಾರತದ ನಿವಾಸಿಯಾಗಿದ್ದು ಹೊರಗಿನ ಮನೆಯ ಬಾಡಿಗೆಯನ್ನು ಇಲ್ಲಿ ಆದಾಯವೆಂದು ತೋರಿಸುವಾಗ, ಅಲ್ಲಿಯ ಸ್ಥಳೀಯ ಸಂಸ್ಥೆಗೆ ತೆತ್ತ ಕಂದಾಯವನ್ನು ಬಾಡಿಗೆಯಿಂದ ಕಳೆಯಬಹುದು. ಆದರೆ ಅದನ್ನು ಮಾಲೀಕರೇ, ಆ ವರ್ಷವೇ, ನಿಜವಾಗಿ ಕಟ್ಟಿರಬೇಕು. ಬಾಡಿಗೆದಾರ ಕಟ್ಟಿದ್ದು ನಿಮ್ಮ ಲೆಕ್ಕಕ್ಕೆ ಬಾರದು. ಹಾಗೆಯೇ, ಆ ಮನೆಯನ್ನು ರಿಟರ್ನಿನ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಕಾಣಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಕಂದಾಯದ ಚಿಂತೆಯಲ್ಲಿ ಇದನ್ನು ಮರೆಯುವವರೇ ಬಹಳ. ಆಮೇಲೆ ಮೂಗಿಗಿಂತ ಮೂಗುತಿ ಭಾರ.

ಕೊನೆಯದು, ಕೊಂಡ ವರ್ಷದ ಜಗಳ: “ಅರ್ಧ ವರ್ಷ ಮನೆ ಅವರದಾಗಿತ್ತು. ಪೂರ್ತಿ ಬಿಲ್ಲು ನಮಗೆ ಕಳಿಸಿದ್ದಾರೆ, ಮಾರಿದವರು ಮೋಸ ಮಾಡಿದರು.” ಫ್ರಾನ್ಸಿನಲ್ಲಿ ಇದು ತಿರುಗುಮುರುಗು. ಜನವರಿ 1ರಂದು ಮಾಲೀಕರಾಗಿದ್ದವರಿಗೇ ಇಡೀ ವರ್ಷದ ಬಿಲ್ಲು ಬರುತ್ತದೆ, ಕೊಂಡವರ ಪಾಲನ್ನು ಕ್ರಯಪತ್ರದ ಕರಾರಿನಂತೆ ಅವರಿಂದ ಪಡೆಯುತ್ತಾರೆ. ಟೆಕ್ಸಾಸ್‌ನಲ್ಲಿ ಬಿಲ್ಲು ಬರುವುದು ವರ್ಷದ ಕೊನೆಯ ಹೊತ್ತಿಗೆ, ಕಟ್ಟಲು ಜನವರಿ 31ರವರೆಗೆ ಸಮಯ. ಜೂನ್‌ನಲ್ಲಿ ಕೊಂಡರೂ ಬಿಲ್ಲು ನಿಮ್ಮ ಕೈಗೇ ಬರುತ್ತದೆ. ಮಾರಿದವರ ಆರು ತಿಂಗಳ ಪಾಲನ್ನು ವಾಡಿಕೆಯಂತೆ ವ್ಯವಹಾರ ಮುಗಿಯುವ ದಿನವೇ ಲೆಕ್ಕ ಹಾಕಿ ನಿಮಗೆ ಜಮಾ ಕೊಟ್ಟಿರುತ್ತಾರೆ, ಆ ದಿನ ನೀವು ಕೊಡಬೇಕಾದ ಮೊತ್ತ ಅಷ್ಟು ಕಡಿಮೆಯಾಗಿರುತ್ತದೆ. ಕೈಗೆ ನೋಟಾಗಿ ಬಾರದ ದುಡ್ಡು ಯಾರಿಗೂ ನೆನಪಿರುವುದಿಲ್ಲ. ಅಂದು ಸಹಿ ಹಾಕಿದ ಕಾಗದಗಳನ್ನು ತೆಗೆದು ನೋಡಿ. ಮಾರಿದವರ ಪಾಲಿನ ತೆರಿಗೆ ಎಂಬ ಸಾಲು ಅದರಲ್ಲಿ ಇಲ್ಲದೆ ಹೋದರೆ ಅವರ ಮೇಲೆ ಧಾರಾಳವಾಗಿ ದೂರಿರಿ.