ಕುರ್ಚಿ ಕೇಳುವುದು ತಪ್ಪಲ್ಲ

ನಮ್ಮ ಭಾಷೆಯಲ್ಲಿ ಕುರ್ಚಿ ಎಂದ ಕೂಡಲೇ ಮನಸ್ಸಿಗೆ ಬರುವುದು ಅಧಿಕಾರ. ಕುರ್ಚಿಗಾಗಿ ಕಿತ್ತಾಟ, ಕುರ್ಚಿ ಅಲುಗಾಡುತ್ತಿದೆ, ಕುರ್ಚಿಗೆ ಅಂಟಿಕೊಂಡಿದ್ದಾರೆ ಎಂದೆಲ್ಲ ದಿನಾ ಓದುತ್ತೇವೆ. ಕೂರುವ ವಸ್ತುವಿಗೆ ಇಷ್ಟು ದೊಡ್ಡ ಅರ್ಥ ಬಂದದ್ದರಿಂದಲೋ ಏನೋ, ಕೆಲಸದ ಜಾಗದಲ್ಲಿ ಒಂದು ಸರಿಯಾದ ಕುರ್ಚಿ ಕೇಳಲು ನಮಗೆ ಸಂಕೋಚ. ಕಂಪ್ಯೂಟರ್ ಕೆಟ್ಟರೆ ಅರ್ಧ ಗಂಟೆಯಲ್ಲಿ ದೂರು ಕೊಡುವ ನಾವು, ಕುರ್ಚಿಯ ಬೆನ್ನು ಮುರಿದರೆ ಅದಕ್ಕೊಂದು ದಿಂಬು ಕಟ್ಟಿ ಎರಡು ವರ್ಷ ದೂಡುತ್ತೇವೆ. ಕುರ್ಚಿಯೂ ಕಂಪ್ಯೂಟರಿನಂತೆ ಕೆಲಸದ ಒಂದು ಸಾಧನ. ಅದನ್ನು ನೋಡಿ ಆರಿಸಬೇಕು, ಇಲ್ಲದಿದ್ದರೆ ಬಾಯಿಬಿಟ್ಟು ಕೇಳಬೇಕು. ನಾವು ಹೇಳಹೊರಟಿರುವುದು ಇಷ್ಟೇ.

ಆಸ್ಪತ್ರೆಯ ಔಷಧ ವಿಭಾಗದ ಕಿಟಕಿಯ ಹಿಂದೆ ನಿಲ್ಲುವ ನಮಗೆ ಬೆನ್ನುನೋವಿನ ಚೀಟಿಗಳು ಅಪರೂಪವಲ್ಲ. ಲೆಕ್ಕಪತ್ರ ಬರೆಯುವವರು, ಸೂಪರ್ ಮಾರ್ಕೆಟ್ಟಿನ ಕ್ಯಾಷಿಯರ್, ಟೈಲರ್, ಡ್ರೈವರ್, ರಾತ್ರಿಯಿಡೀ ಸಿಸಿಟಿವಿ ಪರದೆ ನೋಡುವ ಕಾವಲುಗಾರ. ಮಾತ್ರೆ ಕೈಗೆ ಸಿಕ್ಕಿದ ಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: 'ಇದನ್ನು ಎಷ್ಟು ದಿನ ತೆಗೆದುಕೊಳ್ಳಬಹುದು?' ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ನಾಲ್ಕು ದಿನದ ನೋವಿಗೆ ಒಳ್ಳೆಯವು. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ರಕ್ತದೊತ್ತಡ ಏರಿಸಬಹುದು, ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ಇಲ್ಲಿಯ ಸೆಕೆಯಲ್ಲಿ ಮೈಯ ನೀರು ಬತ್ತಿರುವಾಗ ಮೂತ್ರಪಿಂಡಕ್ಕೆ ಅಪಾಯ ಇನ್ನೂ ಹೆಚ್ಚು. ಬಿಪಿ, ಸಕ್ಕರೆ ಕಾಯಿಲೆ ಇರುವವರಂತೂ ವೈದ್ಯರನ್ನು ಕೇಳದೆ ಮುಟ್ಟಬಾರದು. ಊರಿನಿಂದ ಪೆಟ್ಟಿಗೆಯಲ್ಲಿ ಮಾತ್ರೆ ತರುವವರು ಟ್ರಮಡಾಲ್, ಕೊಡೀನ್ ಇರುವಂಥವು ಗಲ್ಫ್ ದೇಶಗಳಲ್ಲಿ ಕಟ್ಟುನಿಟ್ಟಿನ ನಿಯಂತ್ರಣದಲ್ಲಿವೆ ಎಂಬುದನ್ನು ಮರೆಯಬಾರದು. ದಿನಕ್ಕೆ ಹತ್ತು ಗಂಟೆ ಬೆನ್ನನ್ನು ಬಗ್ಗಿಸುವ ಕುರ್ಚಿ ಹಾಗೆಯೇ ಇದ್ದರೆ ಯಾವ ಮಾತ್ರೆಯೂ ಗೆಲ್ಲುವುದಿಲ್ಲ.

ಸಹಿಸಿಕೊಳ್ಳುವುದು ನಮಗೆ ಮನೆಯಿಂದಲೇ ಬಂದ ಪಾಠ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ತಾಯಂದಿರು ಮಡಿಲಲ್ಲಿ ಗೆರಸೆ ಇಟ್ಟುಕೊಂಡು, ಕತ್ತು ಬಗ್ಗಿಸಿ ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದರು. ಅವರ ಬೆನ್ನಿಗೆ ಆಸರೆ ಎಂದರೆ ಜಗಲಿಯ ಗೋಡೆ. ಆ ಮಕ್ಕಳಲ್ಲಿ ಅನೇಕರು ಇಂದು ನಮ್ಮ ನಡುವೆ ಇದ್ದಾರೆ. ಊರಿನ ಮನೆಯ ಹಾಲ್‌ಗೆ ತೇಗದ ಸೋಫಾ ಸೆಟ್ ಮಾಡಿಸಲು ದುಡ್ಡು ಕಳಿಸುತ್ತಾರೆ, ತಾವು ಮಾತ್ರ ಕಾಲು ಬಿರುಕು ಬಿಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುತ್ತಾರೆ. ತಾಯಂದಿರು ಸಹಿಸಿದ್ದು ಬೇರೆ ದಾರಿಯಿಲ್ಲದೆ. ನಮಗೂ ಅದೇ ಗತಿ ಎಂದು ಯಾಕೆ ಒಪ್ಪಿಕೊಳ್ಳಬೇಕು?

ಕೇಳಿದವರಿಗೆ ಸಿಕ್ಕಿದ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಕೇರಳದ ಬಟ್ಟೆ ಅಂಗಡಿಗಳಲ್ಲಿ ಸೀರೆ ಬಿಡಿಸಿ ತೋರಿಸುವ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೇ ಇರಬೇಕಿತ್ತು, ಗಿರಾಕಿ ಇಲ್ಲದ ಹೊತ್ತಿನಲ್ಲೂ ಕೂರುವಂತಿರಲಿಲ್ಲ. ಕೋಳಿಕ್ಕೋಡಿನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ವಿಜಿ ಅವರು ಪೆಣ್‌ಕೂಟ್ಟ್ ಎಂಬ ಮಹಿಳಾ ಸಂಘಟನೆ ಕಟ್ಟಿ, ಮೊದಲು ಶೌಚಾಲಯಕ್ಕಾಗಿ, ಆಮೇಲೆ ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2018ರಲ್ಲಿ ಕೇರಳ ಸರಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಗೆ ತಿದ್ದುಪಡಿ ತಂದು ಕೂರುವ ಸೌಕರ್ಯವನ್ನು ಕಡ್ಡಾಯ ಮಾಡಿತು. ಅದೇ ವರ್ಷ ಬಿಬಿಸಿಯ ನೂರು ಮಹಿಳೆಯರ ಪಟ್ಟಿಯಲ್ಲಿ ವಿಜಿಯವರ ಹೆಸರು ಬಂತು. 2021ರಲ್ಲಿ ತಮಿಳುನಾಡು ಇಂಥದ್ದೇ ಕಾನೂನು ಮಾಡಿತು. ಕಾಸರಗೋಡಿನ ಅಂಗಡಿಗಳಲ್ಲಿ ದುಡಿಯುವ ನಮ್ಮ ಕನ್ನಡ, ತುಳು ಮನೆಗಳ ಮಕ್ಕಳಿಗೂ ಈ ಕಾನೂನು ಸಲ್ಲುತ್ತದೆ. ಕಾರ್ಖಾನೆಗಳ ಮಟ್ಟಿಗೆ ಇದು ಹೊಸ ಮಾತೇ ಅಲ್ಲ. ನಿಂತು ಕೆಲಸ ಮಾಡುವವರಿಗೆ ಸಿಕ್ಕ ಬಿಡುವಿನಲ್ಲಿ ಕೂರಲು ವ್ಯವಸ್ಥೆ ಇರಬೇಕೆಂದು ಭಾರತದ 1948ರ ಕಾರ್ಖಾನೆ ಕಾಯಿದೆಯ 44ನೇ ಸೆಕ್ಷನ್ ಹೇಳಿತ್ತು.

ಇದೆಲ್ಲ ನಮ್ಮ ಕಡೆಯ ಬಡತನದ ಸಮಸ್ಯೆ, ಅಮೆರಿಕದಲ್ಲಿ ಹೀಗಿಲ್ಲ ಎಂದು ಕೆಲವರು ಹೇಳಬಹುದು. ಕಳೆದ ರಜೆಯಲ್ಲಿ ನಾವು ನಾರ್ತ್ ಕೆರೊಲಿನಾದ ಮಾರಿಸ್‌ವಿಲ್‌ನಲ್ಲಿ ಸಂಬಂಧಿಕರ ಮನೆಯಲ್ಲಿದ್ದೆವು. ಪಕ್ಕದಲ್ಲೇ ರಿಸರ್ಚ್ ಟ್ರಯಾಂಗಲ್ ಪಾರ್ಕ್, ಊರ ತುಂಬ ಸಾಫ್ಟ್‌ವೇರ್ ಕೆಲಸದ ಭಾರತೀಯರು. ಮನೆಯ ಹುಡುಗ ಕೊರೊನಾ ಕಾಲದಲ್ಲಿ ಮನೆಯಿಂದ ಕೆಲಸ ಶುರುಮಾಡಿದಾಗ ರೇಸ್ ಕಾರಿನ ಸೀಟಿನಂತೆ ಕಾಣುವ ಕೆಂಪು ಕುರ್ಚಿ ಕೊಂಡಿದ್ದ. ನೋಡಲು ಚೆಂದ, ಆದರೆ ಅವನ ಎತ್ತರಕ್ಕೆ ಸೀಟು ಉದ್ದವಾಗಿ ಸೊಂಟ ಹಿಂದಕ್ಕೆ ತಾಗುತ್ತಲೇ ಇರಲಿಲ್ಲ. ಕೊನೆಗೆ ಅವನು ಕಂಪನಿಗೆ ಒಂದು ಮೇಲ್ ಬರೆದ. ಅವರು ಕಳಿಸಿದವರು ಅವನ ಕಾಲು, ಮೊಣಕೈ, ಮೇಜಿನ ಎತ್ತರ ಎಲ್ಲ ಅಳೆದು ಬೇರೆ ಕುರ್ಚಿ ಕೊಟ್ಟರು. ಕೇಳಿದ್ದಕ್ಕೆ ಯಾರೂ ಹುಬ್ಬೇರಿಸಲಿಲ್ಲ.

ಅಲ್ಲಿಂದ ಸುಮಾರು ಒಂದೂವರೆ ಗಂಟೆ ಕಾರಿನಲ್ಲಿ ಹೋದರೆ ಥಾಮಸ್‌ವಿಲ್ ಎಂಬ ಊರು. ಕುರ್ಚಿ ತಯಾರಿಕೆಯಿಂದಲೇ ಹೆಸರಾದ ಊರು ಅದು. ನಡುಪೇಟೆಯಲ್ಲಿ, ಪೀಠವೂ ಸೇರಿ ಸುಮಾರು 30 ಅಡಿ ಎತ್ತರದ ಒಂದು ಕುರ್ಚಿಯ ಸ್ಮಾರಕ ನಿಂತಿದೆ. 1922ರಲ್ಲಿ ಮರದಿಂದ ಮಾಡಿದ್ದು ಹಾಳಾದ ಮೇಲೆ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿದರು. 1960ರ ಚುನಾವಣೆಯಲ್ಲಿ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿದ್ದ ಲಿಂಡನ್ ಜಾನ್ಸನ್ ಅದರ ಮೇಲೆ ಹತ್ತಿ ಜನರನ್ನು ಮಾತಾಡಿಸಿದ್ದರಂತೆ. ಕುರ್ಚಿ ಎಂದರೆ ಅಧಿಕಾರ ಎಂಬುದು ಅಲ್ಲಿಗೂ ಗೊತ್ತು! ಆದರೆ ಅದೇ ದೇಶದಲ್ಲಿ ಅಂಗಡಿಯ ಕ್ಯಾಷಿಯರ್‌ಗಳಲ್ಲಿ ಹೆಚ್ಚಿನವರು ಇಂದಿಗೂ ನಿಂತೇ ಇರುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಸಿವಿಎಸ್ ಎಂಬ ದೊಡ್ಡ ಔಷಧ ಅಂಗಡಿ ಸರಣಿಯ ಕ್ಯಾಷಿಯರ್ ಒಬ್ಬರು ಕುರ್ಚಿಗಾಗಿ ಕೋರ್ಟಿಗೆ ಹೋಗಬೇಕಾಯಿತು. ಕೆಲಸ ಕೂತು ಮಾಡಲು ಬರುವಂಥದ್ದಾದರೆ ಆಸನ ಕೊಡಬೇಕು, ಸೂಕ್ತ ಆಸನ ಸಿಗುವುದಿಲ್ಲ ಎನ್ನುವ ಮಾಲಕ ಅದನ್ನು ತಾನೇ ಸಾಬೀತುಪಡಿಸಬೇಕು ಎಂದು ಆ ರಾಜ್ಯದ ಸುಪ್ರೀಂ ಕೋರ್ಟ್ 2016ರಲ್ಲಿ ವಿವರಿಸಿತು. ಇನ್ನೊಂದು ಕಡೆ, ಅಮೆರಿಕದ ಆಲ್ಡಿ ಅಂಗಡಿಗಳಲ್ಲಿ ಕ್ಯಾಷಿಯರ್ ಕೂತೇ ಬಿಲ್ ಮಾಡುತ್ತಾರೆ, ವ್ಯಾಪಾರವೇನೂ ನಿಂತಿಲ್ಲ. ಸಾಫ್ಟ್‌ವೇರಿನವನಿಗೆ ಒಂದು ಮೇಲ್‌ಗೆ ಸಿಕ್ಕಿದ್ದು ಕ್ಯಾಷಿಯರ್‌ಗೆ ಕೋರ್ಟ್ ಹತ್ತಿದ ಮೇಲೆ. ಕುರ್ಚಿ ಇನ್ನೂ ಪದವಿ ನೋಡಿಯೇ ಸಿಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ಆರಿಸುವ ವಿಷಯ. ಕುರ್ಚಿಯನ್ನು ಚಪ್ಪಲಿ ಕೊಳ್ಳುವಂತೆ ಕೊಳ್ಳಬೇಕು: ಹಾಕಿ ನೋಡಿ, ಅಳತೆ ನೋಡಿ. 1994ರಲ್ಲಿ ಬಂದ ಹರ್ಮನ್ ಮಿಲ್ಲರ್ ಕಂಪನಿಯ ಪ್ರಸಿದ್ಧ ಏರಾನ್ ಕುರ್ಚಿಯೂ ಮೂರು ಅಳತೆಗಳಲ್ಲಿ ಸಿಗುತ್ತದೆ. ಅಷ್ಟು ಬೆಲೆಯದೂ ಎಲ್ಲರಿಗೂ ಒಂದೇ ಸಾಲದು ಎಂದಾಯಿತಲ್ಲ. ಕೂತಾಗ ಪಾದ ಪೂರ್ತಿ ನೆಲ ಮುಟ್ಟಬೇಕು. ನಮ್ಮಲ್ಲಿ ಗಿಡ್ಡ ಇರುವವರಿಗೆ ಇದೇ ದೊಡ್ಡ ತೊಂದರೆ, ಕುರ್ಚಿ ತಗ್ಗದಿದ್ದರೆ ಕಾಲಡಿಗೆ ಒಂದು ಮಣೆ ಸಾಕು. ಸೊಂಟ ಹಿಂದಕ್ಕೆ ತಾಗಿಸಿ ಕೂತ ಮೇಲೆ, ಸೀಟಿನ ಅಂಚು ಮತ್ತು ಮೊಣಕಾಲಿನ ಹಿಂಬದಿಯ ನಡುವೆ ಎರಡು ಮೂರು ಬೆರಳು ಹೋಗುವಷ್ಟು ಜಾಗ ಬೇಕು. ಬೆನ್ನಿನ ಆಸರೆ ಸೊಂಟದ ಒಳಬಾಗಿನಲ್ಲಿ ಒತ್ತುವಂತಿರಬೇಕು, ಸ್ವಲ್ಪ ಹಿಂದಕ್ಕೆ ವಾಲುವಂತಿದ್ದರೆ ಒಳ್ಳೆಯದು. ಕೈ ಇಡುವ ಪಟ್ಟಿ ಭುಜವನ್ನು ಮೇಲೆತ್ತಬಾರದು, ಮೇಜಿಗೆ ಅಡ್ಡ ಬರಬಾರದು. ಬುಡದಲ್ಲಿ ಐದು ಕಾಲಿರಲಿ. ಇಲ್ಲಿಯ ಸೆಕೆಗೆ ಚರ್ಮಕ್ಕಿಂತ ಜಾಲರಿ ಬಟ್ಟೆ ಹಿತ. ಅಂಗಡಿಯಲ್ಲಿ ಒಂದು ನಿಮಿಷ ಕೂತು ಎದ್ದರೆ ಏನೂ ತಿಳಿಯದು, ನಾಚಿಕೆ ಬಿಟ್ಟು ಹದಿನೈದು ನಿಮಿಷ ಕೂರಬೇಕು. ಕಚೇರಿಗಳು ಮಾರುವ ಒಳ್ಳೆಯ ಹಳೆ ಕುರ್ಚಿ, ಅದೇ ಬೆಲೆಯ ಹೊಳೆಯುವ ಹೊಸದಕ್ಕಿಂತ ಎಷ್ಟೋ ಸಲ ಮೇಲು. ಆದರೆ ಎಂಥ ಕುರ್ಚಿಯೂ ಎಂಟು ಗಂಟೆ ಒಂದೇ ಸಮನೆ ಕೂರಲು ಅಲ್ಲ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಕಾಲು ಜೋಮು ಹಿಡಿದು ಬಲ ಕಡಿಮೆಯಾದರೆ, ಮೂತ್ರದ ಹಿಡಿತ ತಪ್ಪಿದರೆ ಕುರ್ಚಿಯ ಮಾತು ಬಿಟ್ಟು ಆ ಕ್ಷಣವೇ ಆಸ್ಪತ್ರೆಗೆ ಬನ್ನಿ.

ಕೇಳುವುದು ಹೇಗೆ? ಕೆಲಸ ಹೋದೀತು ಎಂಬ ಭಯ ನಮಗೂ ಗೊತ್ತು, ವೀಸಾ ಯಾರ ಕೈಯಲ್ಲಿದೆ ಎಂಬುದೂ ಗೊತ್ತು. ಒಬ್ಬರೇ ಹೋಗಿ ದೂರುವುದಕ್ಕಿಂತ ನಾಲ್ವರು ಸೇರಿ ಬರವಣಿಗೆಯಲ್ಲಿ ಕೇಳುವುದು ಉತ್ತಮ, ಜೊತೆಗೆ ವೈದ್ಯರ ಚೀಟಿ ಇದ್ದರೆ ಮಾತಿಗೆ ತೂಕ. ಬೇಸಿಗೆಯ ನಡು ಮಧ್ಯಾಹ್ನ ಬಿಸಿಲಲ್ಲಿ ದುಡಿಸಬಾರದೆಂದು ಇಲ್ಲಿಯ ಸರಕಾರಗಳೇ ನಿಯಮ ಮಾಡಿವೆ. ವಿಶ್ರಾಂತಿ ಸೋಮಾರಿತನವಲ್ಲ ಎಂದು ಈ ನೆಲವೂ ಒಪ್ಪಿದೆ.

ಕಡೆಯ ಮಾತು ನಮ್ಮವರಿಗೇ. ನಮ್ಮ ಸಂಘಗಳಲ್ಲಿ ಹೋಟೆಲ್, ಸೂಪರ್ ಮಾರ್ಕೆಟ್, ಬಟ್ಟೆ ಅಂಗಡಿ, ಕ್ಲಿನಿಕ್ ನಡೆಸುವವರು ಬಹಳ ಮಂದಿ ಇದ್ದಾರೆ. ಇಂಥ ಸಂಚಿಕೆಗಳ ಜಾಹೀರಾತು ಪುಟಗಳನ್ನು ತುಂಬಿಸುವವರು, ಕಷ್ಟ ಬಂದಾಗ ಟಿಕೆಟ್ ಕೊಡಿಸುವವರು ಅವರೇ. ಅವರಲ್ಲಿ ಒಂದು ವಿನಂತಿ: ನಿಮ್ಮ ಕೌಂಟರಿನ ಹಿಂದೆ ಹೋಗಿ ಒಮ್ಮೆ ನೋಡಿ. ಅಲ್ಲಿ ನಿಂತಿರುವ ಊರಿನ ಹುಡುಗನಿಗೆ, ಹುಡುಗಿಗೆ ಕೂರಲು ಏನಿದೆ? ಬೆನ್ನು ಇರುವ ಒಂದು ಎತ್ತರದ ಸ್ಟೂಲು, ಗಿರಾಕಿ ಇಲ್ಲದಾಗ ಕೂತುಕೋ ಎಂಬ ಒಂದು ಮಾತು, ಇವೆರಡು ಸಾಕು. ಮಾತು ಮುಖ್ಯ, ಯಾಕೆಂದರೆ ಸ್ಟೂಲು ಇದ್ದರೂ ಹೇಳದೆ ಅವರು ಕೂರುವುದಿಲ್ಲ.