ಮಳೆ ಬಂದರೆ ಕೇಡಿಲ್ಲವೇ?



"ಮಳಿ ಬಂದ್ರ ಕೇಡಲ್ಲ, ಮಗ ಉಂಡ್ರ ಕೇಡಲ್ಲ" ಎಂಬ ಗಾದೆ ನಮಗೆಲ್ಲ ಗೊತ್ತು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅಂತಲೂ ಕೇಳಿದ್ದೇವೆ. ಆದರೆ ಇದೇ ಗಾದೆಯನ್ನು ಯುಗಾದಿ ಮುಗಿದ ಮೇಲೆ, ಗಾಳಿ ಮಳೆ ಹೊಡೆದ ಮರುದಿನ ಮುಂಜಾನೆ, ಮಾವಿನ ತೋಟದವರ ಮುಂದೆ ಹೇಳಿ ನೋಡಿರಿ. ನೆಲದ ಮೇಲೆ ಬಿದ್ದ ಕಾಯಿಗಳನ್ನು ತೋರಿಸಿ "ಇದು ಕೇಡಲ್ಲೇನ ತಮ್ಮಾ?" ಅಂತ ಕೇಳುತ್ತಾರೆ. ಅದೇ ಮಾತನ್ನು ಕೆರೆಯಲ್ಲಿ ಮೀನು ಹಿಡಿಯುವವರ ಮುಂದೆ ಹೇಳಿದರೆ, "ಮಳಿ ಬೇಕೋ ಮಾರಾಯಾ, ಆದ್ರ ಹೊತ್ತಿಗೆ ಬರಬೇಕು" ಅನ್ನುತ್ತಾರೆ. ಒಂದೇ ಊರು, ಒಂದೇ ಮಳೆ, ಎರಡು ಮಾತು. ಈ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಅಳ್ನಾವರ ಅತ್ತ ಪೂರ್ತಿ ಮಲೆನಾಡೂ ಅಲ್ಲ, ಇತ್ತ ಬಯಲುಸೀಮೆಯೂ ಅಲ್ಲ. ಪಶ್ಚಿಮಕ್ಕೆ ಹೋದರೆ ಕಾಡು, ಪೂರ್ವಕ್ಕೆ ಧಾರವಾಡ ದಾಟಿದರೆ ಎರೆಭೂಮಿ. ಆದ್ದರಿಂದಲೇ ಇಲ್ಲಿ ಭತ್ತ, ಕಬ್ಬು, ಗೋವಿನಜೋಳದ ಜೊತೆಗೆ ಮಾವೂ ಇದೆ. ಧಾರವಾಡ ಸೀಮೆಯ ಆಪೂಸು ಹಣ್ಣಿಗೆ ದೂರದೂರಿನ ಪ್ಯಾಟಿಯಲ್ಲೂ ಹೆಸರಿದೆ. ಹುಲಿಕೇರಿಯ ದೊಡ್ಡ ಕೆರೆ, ಡೌಗಿ ನಾಲಾ, ಹಳ್ಳಿಗೊಂದರಂತೆ ಸಣ್ಣ ಕೆರೆಗಳು ಇವೆ. ತೋಟದವರೂ ಕೆರೆಯವರೂ ವರ್ಷದ ದುಡಿಮೆಯ ಫಲ ನೋಡುವುದು ಬೇಸಿಗೆಯಲ್ಲೇ.

"ಬ್ಯಾಸಗ್ಯಾಗ ಮಳಿ ಬರೂದು ಹೊಸಾದೇನಲ್ಲ. ಅಶ್ವಿನಿ, ಭರಣಿ, ಕೃತ್ತಿಕಾ ಅಂತ ಮಳಿಗೆ ಹೆಸರು ಇಟ್ಟವ್ರು ಸುಮ್ಮನ ಇಟ್ಟಾರೇನು?" ಎಂದು ಹಿರಿಯರು ಕೇಳುತ್ತಾರೆ. ಅವರ ಮಾತು ಖರೇನ ಐತಿ. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಈ ಮೂರು ನಕ್ಷತ್ರಗಳು ಬರುತ್ತವೆ. ಒಂದೆರಡು ಅಡ್ಡಮಳೆ ಆದರೆ ನೆಲ ಮೆತ್ತಗಾಗಿ ಹರಗಲು ಹದ ಸಿಗುತ್ತದೆ. ಹಾಗಾದರೆ ತೊಂದರೆ ಎಲ್ಲಿದೆ? ಮಳೆ ಬರುವುದರಲ್ಲಿ ಇಲ್ಲ. ಯಾವ ವರ್ಷ ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಎಂಬ ಅಂದಾಜು ತಪ್ಪಿರುವುದರಲ್ಲಿ ಇದೆ.

ಇತ್ತೀಚಿನ ಮೂರು ವರ್ಷಗಳನ್ನೇ ನೋಡಿರಿ. ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1. ಅದು 2023ರಲ್ಲಿ ಜೂನ್ 8ಕ್ಕೆ, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೆ ಬಂದಿತು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕು ಬರಪೀಡಿತವೆಂದು ಸರಕಾರ ಸಾರಿತು. ಮುಂದಿನ ಬೇಸಿಗೆಯಲ್ಲಿ ಎಷ್ಟೋ ಕೆರೆಗಳ ತಳ ಕಂಡಿತು. 2025ರಲ್ಲಿ ಎಲ್ಲಾ ತಿರುವುಮುರುವು. ಮಾರ್ಚ್‌ನಿಂದ ಮೇ ತನಕ ರಾಜ್ಯದ ವಾಡಿಕೆ ಮಳೆ 115 ಮಿಲಿಮೀಟರ್, ಆ ವರ್ಷ ಬಿದ್ದದ್ದು 286. 125 ವರ್ಷಗಳಲ್ಲೇ ಹೆಚ್ಚು ಎಂದು ಲೆಕ್ಕ ಹಾಕಿದರು. ಒಂದು ಮಿಲಿಮೀಟರ್ ಅಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. 286 ಅಂದರೆ ಅಷ್ಟೇ ಜಾಗದಲ್ಲಿ ಹತ್ತೊಂಬತ್ತು ಕೊಡ ನೀರು ಸುರಿದಂತೆ. (ಕೊಡಕ್ಕೆ 15 ಲೀಟರ್ ಹಿಡಿದಿದ್ದೇನೆ.)

ಇದರಿಂದ ಮಾವಿಗೆ ಏನಾಗುತ್ತದೆ? ಮಾವಿನ ಗಿಡ ಹೂ ಬಿಡಬೇಕಾದರೆ ಮೊದಲು ಥಂಡಿ ಬೇಕು, ನೆಲ ಒಣಗಬೇಕು. ನವೆಂಬರ್, ಡಿಸೆಂಬರಿನಲ್ಲಿ ಮಳೆ ಎಳೆದರೆ ಗಿಡ ಹೂವಿನ ಬದಲು ಚಿಗುರು ಬಿಡುತ್ತದೆ. ಹೂ ಬಿಟ್ಟ ಮೇಲೆ ಮೋಡ, ಮಂಜು ಕವಿದರೆ ಬೂದಿರೋಗ ಬರುತ್ತದೆ, ಜಿಗಿಹುಳು ಏಳುತ್ತದೆ, ಹೂ ಕರ್ರಗಾಗಿ ಉದುರುತ್ತದೆ. ಬಿಸಿಲು ಬೇಗ ಏರಿದರೆ ಮಿಡಿ ನಿಲ್ಲುವುದಿಲ್ಲ. 2023ರ ಫೆಬ್ರುವರಿಯ ಹಗಲಿನ ಬಿಸಿಲು ದೇಶದಲ್ಲಿ 1901ರಿಂದೀಚೆಗೆ ಎಲ್ಲಕ್ಕಿಂತ ಹೆಚ್ಚಿನದಾಗಿತ್ತು. ಇಷ್ಟೆಲ್ಲ ದಾಟಿ ಕಾಯಿ ಬಲಿತಾಗ ಗಾಳಿ ಬೀಸಿದರೆ ಕಾಯಿ ಬೀಳುತ್ತದೆ. ಆಣೆಕಲ್ಲು ಬಿದ್ದರೆ ಗಿಡದಲ್ಲಿ ಉಳಿದ ಕಾಯಿಗೂ ಪೆಟ್ಟು. ಪೆಟ್ಟು ತಿಂದ ಕಾಯಿ ಹಣ್ಣಾಗುವ ಮೊದಲೇ ಕೊಳೆಯುತ್ತದೆ. ಅದು ಉಪ್ಪಿನಕಾಯಿಗೆ ಆದೀತು, ಪ್ಯಾಟಿಗೆ ಆಗದು. ಹಿತ್ತಲಿನ ಮೆಣಸಿನಗಿಡ, ಬದನೆಗಿಡಗಳ ಪಾಡೂ ಅಷ್ಟೇ. ನಿನ್ನೆ ನೀರಿಲ್ಲದೆ ಬಾಡಿದ್ದವು ಇಂದು ನೀರು ನಿಂತು ಕೊಳೆಯುತ್ತವೆ.

ಇನ್ನು ಮೀನಿನ ಮಾತು. ನಮ್ಮ ಕೆರೆಗಳಿಗೆ ಬಿಡುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಮಳೆಗಾಲದಲ್ಲಿ ಕೆರೆ ತುಂಬಿದ ಮೇಲೆ ಮರಿ ತಂದು ಬಿಡಬೇಕು. ಅವು ಬೆಳೆಯಲು ಎಂಟು ಹತ್ತು ತಿಂಗಳು ಬೇಕು. ಕೆರೆ ತಡವಾಗಿ ತುಂಬಿದರೆ ಮರಿ ಬಿಡುವುದೂ ತಡ. ಬೇಸಿಗೆಯಲ್ಲಿ ನೀರು ಬೇಗ ಇಳಿದರೆ ಅರ್ಧ ಬೆಳೆದ ಮೀನನ್ನೇ ಹಿಡಿದು ಬಂದ ರೇಟಿಗೆ ಕೊಡಬೇಕು. ಉಳಿದ ನೀರು ಬಿಸಿಯಾದಂತೆ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ ಎಂದು ವಿಜ್ಞಾನದಲ್ಲಿ ಓದುತ್ತೇವೆ. ಎರಡು ಮೂರು ದಿನ ಮೋಡ ಮುಚ್ಚಿದರೆ ಇನ್ನೂ ಕಡಿಮೆ, ಯಾಕೆಂದರೆ ನೀರಿನೊಳಗಿನ ಪಾಚಿಗೆ ಬಿಸಿಲು ಸಿಗುವುದಿಲ್ಲ. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದು ಅದಕ್ಕೇ. ಅದು ಆಟವಲ್ಲ, ಉಸಿರಿಗಾಗಿ ಒದ್ದಾಟ. ಅಂಥ ಹೊತ್ತಿಗೆ ಹದವಾದ ಮಳೆ ಬಂದರೆ ಮೀನಿಗೆ ಜೀವ ಬಂದಂತೆ. ಆದರೆ 2025ರಂತೆ ಮೇ ತಿಂಗಳಲ್ಲೇ ಜಡಿದು ಕೆರೆ ಕೋಡಿ ಬಿದ್ದರೆ, ಹಿಡಿಯಬೇಕಿದ್ದ ಮೀನು ಹಳ್ಳದ ಪಾಲು.

ಸಮುದ್ರದ ಕಡೆಯೂ ಹೀಗೇ ಇದೆ. ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. 2025ರಲ್ಲಿ ಆ ತಾರೀಖಿಗೆ ಒಂದು ವಾರ ಮೊದಲೇ ಮುಂಗಾರು ಬಂದಾಗಿತ್ತು. ಕಾಗದದ ತಾರೀಖು ಒಂದಾದರೆ ಆಕಾಶದ ತಾರೀಖು ಇನ್ನೊಂದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಸಣ್ಣ ಬಾಯಾಗ ದೊಡ್ಡ ಮಾತು ಅನ್ನಬೇಡಿರಿ. ನಮ್ಮಲ್ಲಿ ಬಹಳ ತೋಟಗಳನ್ನು ಹೂ ಇದ್ದಾಗಲೇ ಗುತ್ತಿಗೆ ಕೊಡುತ್ತಾರೆ. ಕೆರೆಯ ಮೀನನ್ನೂ ಗುತ್ತಿಗೆ ಕೊಡುತ್ತಾರೆ. ಎರಡೂ ಕಡೆ ಮಾತುಕತೆ ಆಗುವುದು "ಎಂದಿನಂತೆ ಮಳೆ ಆಗ್ತದ" ಎಂಬ ನಂಬಿಕೆಯ ಮೇಲೆ. ಆಣೆಕಲ್ಲು ಬಿದ್ದ ದಿನ ಏನಾಗುತ್ತದೆ? ಗುತ್ತಿಗೆ ಹಿಡಿದವರು "ನಾ ಉಳದ ರೊಕ್ಕಾ ಎಲ್ಲಿಂದ ಕೊಡ್ಲಿ?" ಅನ್ನುತ್ತಾರೆ. ತೋಟದವರು "ಮಾತು ಅಂದ್ರ ಮಾತು" ಅನ್ನುತ್ತಾರೆ. ಇಬ್ಬರೂ ಕೆಟ್ಟವರಲ್ಲ, ಇಬ್ಬರ ಮನೆಯಲ್ಲೂ ಸಾಲ ಇರುತ್ತದೆ. ಜಗಳ ಹುಟ್ಟುವುದು ಮಳೆಯಿಂದ ಅಲ್ಲ, ಮಳೆಯ ವಿಚಾರವನ್ನು ಮೊದಲೇ ಮಾತಾಡದೆ ಬಿಟ್ಟಿದ್ದರಿಂದ. ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ.

ಒಂದನೆಯದು, ಮಳೆಯ ಮಾತು ಕರಾರಿನಲ್ಲೇ ಬರಬೇಕು. ಹೂವಿನಲ್ಲಿ ಸ್ವಲ್ಪ, ಮಿಡಿ ನಿಂತ ಮೇಲೆ ಸ್ವಲ್ಪ, ಕಾಯಿ ಇಳಿಸುವಾಗ ಉಳಿದದ್ದು ಎಂದು ಹಣವನ್ನು ಕಂತು ಮಾಡಲಿ. ಆಣೆಕಲ್ಲಿನ ನಷ್ಟವನ್ನು ಇಬ್ಬರೂ ಹಂಚಿಕೊಳ್ಳಲಿ. ಕೆರೆ ಒಣಗಿದ ವರ್ಷ ಗುತ್ತಿಗೆ ಹಣದಲ್ಲೂ ರಿಯಾಯಿತಿ ಇರಲಿ.

ಎರಡನೆಯದು, ತಿಂಗಳು ನೋಡಿ ಕೆಲಸ ಮಾಡುವುದನ್ನು ಬಿಟ್ಟು ಗುರುತು ನೋಡಿ ಮಾಡಬೇಕು. "ಮೇ ಕೊನಿಗೆ ಬಲಿ ಹಾಕೂಣು" ಎನ್ನುವ ಬದಲು ನೀರು ಇಂತಿಷ್ಟಕ್ಕೆ ಇಳಿದಾಗ ಎಂದು ಕಲ್ಲಿಗೆ ಗೆರೆ ಎಳೆದು ಇಟ್ಟುಕೊಳ್ಳಬೇಕು. ಕೋಡಿಗೆ ಜಾಳಿಗೆ ಕಟ್ಟುವುದನ್ನು ಜೂನ್ ತನಕ ಬಿಡದೆ ಏಪ್ರಿಲ್‌ನಲ್ಲೇ ಮುಗಿಸಬೇಕು. ಹೂಳು ತೆಗೆಯುವಾಗ ಕೆರೆಯ ನಡುವೆ ಒಂದು ಆಳದ ಗುಂಡಿ ಮಾಡಿದರೆ ಕೊನೆಯ ನೀರು ಅಲ್ಲಿ ನಿಲ್ಲುತ್ತದೆ, ಮೀನೂ ಉಳಿಯುತ್ತದೆ, ದನಕ್ಕೂ ಆಗುತ್ತದೆ.

ಮೂರನೆಯದು ನಮ್ಮ ಕೈಯಲ್ಲೇ ಇರುವ ಕೆಲಸ. ನಮ್ಮ ಶಾಲೆಯಲ್ಲಿ ಒಂದು ಮಳೆ ಪುಸ್ತಕ ಇಡೋಣ. ಗೋಡೆ ನೇರ ಇರುವ ಒಂದು ಡಬ್ಬಿ, ಒಂದು ಅಳತೆಪಟ್ಟಿ ಸಾಕು. ಡಬ್ಬಿಯನ್ನು ಗಿಡದ ನೆರಳಿಲ್ಲದ ಬಯಲಲ್ಲಿ ಇಟ್ಟು ದಿನಾ ಮುಂಜಾನೆ ಎಂಟೂವರೆಗೆ ನೀರಿನ ಎತ್ತರ ಅಳೆದು ಬರೆಯಬೇಕು. ಹವಾಮಾನ ಇಲಾಖೆಯೂ ಅದೇ ಹೊತ್ತಿಗೆ ಅಳೆಯುತ್ತದೆ. "ಸರಕಾರದ ಮಳೆ ಮಾಪಕ ಇದೆಯಲ್ಲ, ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಮುನ್ಸೂಚನೆ ಕೊಡುತ್ತಾರಲ್ಲ, ಮೊಬೈಲಿನಲ್ಲಿ ಮೇಘದೂತ ಇದೆಯಲ್ಲ" ಎಂದು ನೀವು ಕೇಳಬಹುದು. ಅವೆಲ್ಲ ಬೇಕು, ಹಿರಿಯರಿಗೆ ಅವನ್ನು ಓದಿ ಹೇಳುವುದೂ ನಮ್ಮ ಕೆಲಸ. ಆದರೆ ನಮ್ಮೂರ ಮಾವು ಯಾವ ದಿನ ಹೂ ಬಿಟ್ಟಿತು, ಆಣೆಕಲ್ಲು ಯಾವ ಓಣಿಯ ಕಡೆ ಬಿತ್ತು, ಕೆರೆಯ ನೀರು ಎಷ್ಟನೇ ಮೆಟ್ಟಿಲಿಗೆ ಇಳಿಯಿತು ಎಂಬುದನ್ನು ಯಾವ ಯಂತ್ರವೂ ಬರೆಯುವುದಿಲ್ಲ. ಅದನ್ನು ನಾವೇ ಬರೆಯಬೇಕು.

ಇನ್ನೊಂದು ಕಾರಣವೂ ಇದೆ. ಆಪೂಸು ಗಿಡದ ಗುಣವೇ ಒಂದು ವರ್ಷ ಚೆನ್ನಾಗಿ ಕಾಯ್ದರೆ ಮರುವರ್ಷ ಕಡಿಮೆ ಕಾಯುವುದು. ಕಾಯಿ ಕಡಿಮೆಯಾದ ವರ್ಷವೆಲ್ಲ ಮಳೆಯನ್ನೇ ಬೈದರೆ ಅದೂ ನ್ಯಾಯವಲ್ಲ. ಗಿಡದ ಸರದಿ ಯಾವುದು, ಮಳೆಯ ಕೇಡು ಯಾವುದು ಎಂದು ತಿಳಿಯಬೇಕಾದರೆ ಐದಾರು ವರ್ಷದ ಬರಹ ಬೇಕು. ನೆನಪಿನ ಮೇಲೆ ಹೋದರೆ ಒಬ್ಬರು "ಹ್ವಾದ ವರ್ಷ" ಅಂತಾರೆ, ಇನ್ನೊಬ್ಬರು "ಅಲ್ಲ, ಅದರ ಹಿಂದಿನ ವರ್ಷ" ಅಂತಾರೆ. ಗುತ್ತಿಗೆಯ ಮಾತುಕತೆಗೆ ಕೂತವರು "ಶಾಲಿ ಹುಡುಗರ ಪುಸ್ತಕ ತರ್ರಿ, ನೋಡೂಣು" ಎನ್ನುವ ದಿನ ಬಂದರೆ ನಮ್ಮ ಓದಿಗೂ ಬೆಲೆ ಬಂದಂತೆ.

ಮಳೆ ನಮ್ಮ ಮಾತು ಕೇಳುವುದಿಲ್ಲ. ಆದರೆ ಮಳೆಯ ಬಗ್ಗೆ ನಾವು ಒಬ್ಬರ ಮಾತು ಒಬ್ಬರು ಕೇಳಬಹುದಲ್ಲ? ಮಳೆ ಪುಸ್ತಕಕ್ಕೆ ಯಾರು ಯಾರು ಸೇರುತ್ತೀರಿ, ವಾರಕ್ಕೊಬ್ಬರ ಪಾಳಿ ಹಚ್ಚಬೇಕೋ ಬೇಡವೋ ಎಂಬುದನ್ನು ಕೆಳಗೆ ಅಂಟಿಸಿದ ಬಿಳಿ ಹಾಳೆಯಲ್ಲಿ ಬರೆಯಿರಿ. ನನ್ನ ಅಭಿಪ್ರಾಯ ಒಪ್ಪದವರೂ ಬರೆಯಿರಿ. ಗುರುಗಳು ಒಂದು ಡಬ್ಬಿ, ಒಂದು ನೂರು ಪುಟದ ನೋಟುಬುಕ್ಕು ಕೊಡಿಸಬೇಕೆಂದು ವಿನಂತಿ.

— ಒಬ್ಬ ವಿದ್ಯಾರ್ಥಿ, 9ನೇ ತರಗತಿ